ಅಪ್ಪ ಹೇಳದ ಅಂಕಿ

ಗಣಿತದ ಟೀಚರ್ ಆಗಬೇಕಾದರೆ ಏನೇನು ಇರಬೇಕು ಎಂದು ನಾನು ಮೊದಲು ಓದಿದ್ದು ಹೊಸದುರ್ಗದ ಬಸ್‌ಸ್ಟ್ಯಾಂಡ್ ಎದುರಿನ ಒಂದು ಆನ್‌ಲೈನ್ ಸೆಂಟರಿನಲ್ಲಿ, ನಿಂತುಕೊಂಡೇ. ಅಲ್ಲಿದ್ದ ಸ್ಟೂಲುಗಳ ಮೇಲೆ ರೇಷನ್ ಕಾರ್ಡಿಗೆ ಬೆರಳು ಒತ್ತಲು ಬಂದ ಹೆಂಗಸರು ಕೂತಿದ್ದರು. ಅಂಗಡಿಯವನು ಪರದೆಯನ್ನು ನನ್ನ ಕಡೆ ತಿರುಗಿಸಿ, "ಓದ್ಕಳಮ್ಮ, ಎಲ್ಲಾ ಐತೆ ಇದ್ರಾಗೆ" ಎಂದ. ಓದಿಕೊಂಡೆ. ಬಿ.ಎಡ್.ಗೆ ಸೇರಲು ಪದವಿಯಲ್ಲಿ ನೂರಕ್ಕೆ ಐವತ್ತು ಅಂಕ ಇರಬೇಕು. ಗಣಿತವನ್ನು ಪದವಿಯ ಎಲ್ಲ ವರ್ಷಗಳಲ್ಲೂ ಮುಖ್ಯ ವಿಷಯವಾಗಿ ಓದಿರಬೇಕು. ಪಾಠ ಮಾಡಲು ಗಣಿತದ ಜೊತೆ ಇನ್ನೊಂದು ವಿಷಯ ಬೇಕು. ನನಗೆ ಭೌತಶಾಸ್ತ್ರ ಇತ್ತು. ಮೂಲ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಹಳ್ಳಿಯಲ್ಲಿ ಓದಿದ್ದಕ್ಕೆ ಒಂದು ಸರ್ಟಿಫಿಕೇಟು, ಕನ್ನಡದಲ್ಲಿ ಓದಿದ್ದಕ್ಕೆ ಇನ್ನೊಂದು, ಮೀಸಲಾತಿ ಬೇಕಾದವರಿಗೆ ಜಾತಿ ಮತ್ತು ಆದಾಯದ್ದು. ಲೆಕ್ಕ ಕಲಿಸಲು ಮನಸ್ಸಿರಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಒಳ್ಳೆಯದೇ ಆಯಿತು. ಆಗ ನನಗೆ ಯಾವುದಕ್ಕೂ ಮನಸ್ಸಿರಲಿಲ್ಲ.

ಬಿ.ಎಸ್ಸಿ. ಮುಗಿದು ಒಂದು ವರ್ಷ ಮನೆಯಲ್ಲಿದ್ದೆ. ಆ ವರ್ಷದ ಬಗ್ಗೆ ಹೇಳಲು ಏನೂ ಇಲ್ಲ. ಏಳುತ್ತಿದ್ದೆ, ನೀರು ತರುತ್ತಿದ್ದೆ, ರೊಪ್ಪದ ಹಿಕ್ಕೆ ಗುಡಿಸುತ್ತಿದ್ದೆ, ಮಲಗುತ್ತಿದ್ದೆ. ರೊಪ್ಪ ಎಂದರೆ ಕುರಿ ಕೂಡುವ ಜಾಗ, ಸುತ್ತ ಕಾರೆಮುಳ್ಳಿನ ಬೇಲಿ. ಹಿರಿಯೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನೇ ಇರಬೇಕು, ನಾನು ಅವನ ಮುಖ ಸರಿಯಾಗಿ ನೋಡಲಿಲ್ಲ. ಅವನ ಕಡೆಯವರು, "ಮದುವೆ ಆದಮ್ಯಾಲೆ ಓದು ಗೀದು ಎಲ್ಲ ಯಾತಕ್ಕೆ" ಎಂದು ನಗುತ್ತಲೇ ಹೇಳಿ ಹೋಗಿದ್ದರು. ಅವ್ವನ ಜೊತೆ ಒಂದು ಮಾತಾಗಿತ್ತು: ಈ ವರ್ಷ ಬಿ.ಎಡ್. ಸೀಟು ಸಿಕ್ಕರೆ ಓದುವುದು, ಸಿಗದಿದ್ದರೆ ಆ ಮನೆಗೆ ಹೂಂ ಅನ್ನುವುದು. ಸೀಟು ಸಿಗದಿದ್ದರೆ ನಾನು ಅಳುತ್ತಿದ್ದೆ ಎಂದೇನೂ ಇಲ್ಲ. ಹೂಂ ಅಂದು ಹೋಗುತ್ತಿದ್ದೆ. ಅದನ್ನು ನೆನೆದರೆ ಈಗ ಭಯವಾಗುತ್ತದೆ, ಆಗ ಆಗಲಿಲ್ಲ.

ನನ್ನ ಅಂಕಗಳು ಐವತ್ತನ್ನು ದಾಟಿದ್ದವು, ಆದರೆ ಬಹಳ ದೂರವೇನೂ ಹೋಗಿರಲಿಲ್ಲ. ಮೀಸಲಾತಿ ಇಲ್ಲದೆ ನನಗೆ ಸರ್ಕಾರಿ ಸೀಟು ಸಿಗುವ ಹಾಗಿರಲಿಲ್ಲ. ನನ್ನ ಜಾತಿ-ಆದಾಯದ ಸರ್ಟಿಫಿಕೇಟು ಪಿ.ಯು.ಸಿ.ಗೆ ಸೇರುವಾಗ ಮಾಡಿಸಿದ್ದು, ಅದರ ಅವಧಿ ಮುಗಿದಿತ್ತು. ಅಂಗಡಿಯವನು, "ಇದೊಂದು ಹೊಸದು ಮಾಡ್ಸಮ್ಮ, ಮಿಕ್ಕಿದ್ದೆಲ್ಲಾ ಐತಲ್ಲ, ಕಣ್ಣು ಮುಚ್ಕಂಡು ಸಿಗ್ತೈತೆ" ಎಂದ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಹಾಲುರಾಮೇಶ್ವರದ ಬಸ್ಸು ಹತ್ತಿದೆ. ನಮ್ಮ ಊರು ಆ ದಾರಿಯಲ್ಲೇ ಸಿಗುತ್ತದೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಾವು ಕುರಿಯವರು. ನಮ್ಮಲ್ಲಿ ಕುರಿಯನ್ನು ಎಣಿಸುವುದಿಲ್ಲ. ಎಣಿಸಲು ಬರುವುದಿಲ್ಲ ಎಂದಲ್ಲ, ಎಣಿಸಬಾರದು. ಎಣಿಸಿದ್ದು ಉಳಿಯುವುದಿಲ್ಲ ಎಂದು ನಂಬಿಕೆ. ಸಂಜೆ ಕುರಿಗಳು ರೊಪ್ಪಕ್ಕೆ ಹೋಗುವಾಗ ಅಪ್ಪ ಗೇಟಿನ ಪಕ್ಕ ನಿಂತು ನೋಡುತ್ತಾನೆ, ಅಷ್ಟೇ. ಒಂದು ಬರದಿದ್ದರೆ ಇಂಥದ್ದು ಬಂದಿಲ್ಲ ಎಂದು ಗೊತ್ತಾಗುತ್ತದೆ, ಮಕ್ಕಳಲ್ಲಿ ಒಬ್ಬರು ಊಟಕ್ಕೆ ಬರದಿದ್ದರೆ ಗೊತ್ತಾಗುವ ಹಾಗೆ. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ, ಕುರಿ ಇಟ್ಟವರೆಲ್ಲರಿಗೂ ಬರುತ್ತದೆ. ಹೊಲದವರು ಗೊಬ್ಬರಕ್ಕೆ ಕುರಿ ನಿಲ್ಲಿಸಿ ಎಂದು ಕರೆದಾಗಲೂ ಎಷ್ಟಿವೆ ಎಂದು ಕೇಳುವುದಿಲ್ಲ, ಬಂದು ಹಿಂಡನ್ನು ಕಣ್ಣಿನಲ್ಲೇ ಅಳೆದು ಮಾತು ಮುಗಿಸುತ್ತಾರೆ. ನಮ್ಮ ಅಜ್ಜಿಯನ್ನು ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ, "ಮನೆ ತುಂಬ ಅವೆ" ಎನ್ನುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಕಂಡದ್ದನ್ನೆಲ್ಲ ಎಣಿಸುತ್ತಿದ್ದೆ: ಜೋಳದ ತೆನೆ, ಬಸ್ಸಿನ ಕಿಟಕಿ, ಅಜ್ಜಿಯ ಬಳೆ. ಒಂದು ದಿನ ಮರಿಗಳ ಕಡೆ ಬೆರಳು ಮಾಡಿ ಒಂದು ಎರಡು ಅಂದಿದ್ದಕ್ಕೆ ಅಜ್ಜಿ ಕೈ ಮೇಲೆ ಒಂದು ಬಿಟ್ಟು, "ಜೀವ ಇರೋದ್ನ ಎಣಿಸ್ತಾರೇನೇ ಲೇ!" ಎಂದಳು. ಅಂಥ ಮನೆಯಲ್ಲಿ ಹುಟ್ಟಿದವಳು ನಾನು ಗಣಿತ ಓದಿದೆ. ಈಗ ಹಿರಿಯೂರಿನ ಒಂದು ಹೈಸ್ಕೂಲಿನಲ್ಲಿ ಅದನ್ನೇ ಕಲಿಸುತ್ತೇನೆ. ಯಾಕೆ ಗಣಿತವೇ ಎಂದು ಕೇಳುತ್ತಾರೆ. ಅದರಲ್ಲಿ ಉತ್ತರ ಸರಿಯೋ ತಪ್ಪೋ ಎಂದು ಪುಸ್ತಕದ ಹಿಂದೆ ಕೊಟ್ಟಿರುತ್ತಾರೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಇಷ್ಟೇ ನನ್ನ ಕಾರಣ.

ಅರ್ಜಿ ಕೊಟ್ಟ ಮೇಲೆ ವಿಚಾರಣೆಗೆ ಗ್ರಾಮ ಲೆಕ್ಕಿಗರು ಬಂದರು. ಊರಲ್ಲಿ ಎಲ್ಲರೂ ಅವರನ್ನು ವಿ.ಎ. ಎಂದೇ ಕರೆಯುವುದು. ವಯಸ್ಸಾದವರು, ಕೆಟ್ಟವರಲ್ಲ. ಬೈಕ್ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದರು.

"ಬರ್ರಿ ಸಾರ್, ಕುಂತ್ಕಳ್ರಿ" ಎಂದು ಅಪ್ಪ ಕಂಬಳಿ ಹಾಸಿದ.

ಜಮೀನು ಎಷ್ಟು ಎಂದು ಕೇಳಿದರು, ಅಪ್ಪ ಹೇಳಿದ. ಕೊಳವೆಬಾವಿ ಇದೆಯಾ ಎಂದರು, ಇಲ್ಲ ಎಂದ. ಆಮೇಲೆ, "ಕುರಿ?" ಎಂದರು.

"ಅವೆ ಸಾರ್."

"ಇರೋದು ನಂಗೂ ಕಾಣ್ತೈತೆ ಕಣಪ್ಪ. ಎಷ್ಟು?"

"ಒಂದು ರೊಪ್ಪ."

"ರೊಪ್ಪ ಅಂತ ಬರದ್ರೆ ಕಂಪ್ಯೂಟರು ತಗಳಲ್ಲ. ಅಂಕಿ ಬೇಕು."

ಅಪ್ಪ ನಕ್ಕ. ವಿ.ಎ. ಕೂಡ ನಕ್ಕರು. ಆದರೆ ಪೆನ್ನು ಹಿಡಿದುಕೊಂಡೇ ಇದ್ದರು. ಪಕ್ಕದ ಊರಿನಲ್ಲಿ ದೊಡ್ಡ ಹಿಂಡು ಇದ್ದವರೊಬ್ಬರು ಕಡಿಮೆ ಆದಾಯ ಬರೆಸಿಕೊಂಡರೆಂದು ಯಾರೋ ದೂರು ಕೊಟ್ಟಿದ್ದರಂತೆ. ಅಂದಿನಿಂದ ಕುರಿಯವರ ಮನೆಯ ವರದಿಯಲ್ಲಿ ಕುರಿ ಎಷ್ಟು ಎಂದು ಬರೆಯದೆ ಕಳಿಸಿದರೆ ಮೇಲಿನಿಂದ ವಾಪಸು ಬರುತ್ತದೆ ಎಂದರು. "ನಮ್ಮತ್ತೆ ಮನ್ಯಾಗೂ ಕುರಿ ಇದ್ವು, ನಿಮ್ಮ ಪದ್ಧತಿ ನಂಗೆ ಗೊತ್ತಿಲ್ದೆ ಏನಿಲ್ಲ. ಒಂದು ಅಂದಾಜು ಹೇಳಪ್ಪ, ಬರ್ಕಂಡು ಹೋಗ್ತೀನಿ."

"ಅಂದಾಜು ಹೆಂಗೇಳದು ಸಾರ್?" ಎಂದ ಅಪ್ಪ. "ಕಮ್ಮಿ ಹೇಳಿದ್ರೆ ಅಷ್ಟಕ್ಕೇ ಬಂದು ನಿಲ್ತವೆ. ಜಾಸ್ತಿ ಹೇಳಿದ್ರೆ ಆಸೆ ಬಿದ್ದಂಗೆ ಆಗ್ತೈತೆ."

ವಿ.ಎ. ನನ್ನ ಕಡೆ ತಿರುಗಿದರು. "ನೀನು ಲೆಕ್ಕ ಓದ್ದೋಳಂತಲ್ಲಮ್ಮ. ಸಂಜೆ ಬರುವಾಗ ಎಣಿಸಿ ನೀನೇ ಹೇಳಿಬಿಡು, ನಿಮ್ಮಪ್ಪ ಹೇಳದೇನೂ ಬ್ಯಾಡ."

ಅಪ್ಪ ನನ್ನನ್ನು ನೋಡಿದ. ಬೇಡ ಎಂದು ಕಣ್ಣಿನಲ್ಲಿ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ನೋಡಿದ, ಅಷ್ಟೇ. "ನಾನು ಎಣಿಸಲ್ಲ ಸಾರ್" ಎಂದೆ. ಯಾಕೆ ಹಾಗಂದೆ ಎಂದು ನನಗೆ ಗೊತ್ತಿಲ್ಲ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಅದು ಅಪ್ಪನ ಹಿಂಡು, ನನ್ನ ಸೀಟಿಗಾಗಿ ನಾನು ಅದರ ಮೇಲೆ ಬೆರಳು ಮಾಡಲಾರೆ ಎಂದು ಮಾತ್ರ ಅನ್ನಿಸಿತು.

"ಒಳ್ಳೆ ಅಪ್ಪ, ಒಳ್ಳೆ ಮಗಳು" ಎಂದರು ವಿ.ಎ. ಟೀ ಕುಡಿದು ಲೋಟ ಕೆಳಗಿಟ್ಟರು. "ಸೋಮವಾರದೊಳಗೆ ಕಚೇರಿಗೆ ಬಂದು ಹೇಳ್ರಿ. ಅದು ದಾಟಿದ್ರೆ ಸರ್ಟಿಫಿಕೇಟು ಟೈಮಿಗೆ ಕೈಗೆ ಬರಲ್ಲ. ಆಮ್ಯಾಲೆ ನನ್ನ ಬೈಬ್ಯಾಡ್ರಿ."

ಅವರು ಹೋದ ಮೇಲೆ ಅವ್ವ ಶುರು ಮಾಡಿದಳು. ಅವ್ವನದು ಅಡ್ಡಗೋಡೆ ಮೇಲೆ ದೀಪ ಇಡುವ ಬಾಯಲ್ಲ. "ಕುರಿ ಹೆಚ್ಚೋ ಮಗಳು ಹೆಚ್ಚೋ ಹೇಳಿಬಿಡು" ಎಂದಳು. ಅಪ್ಪ ಮುದ್ದೆ ಮುರಿಯುತ್ತಿದ್ದ. "ಕೇಳೋ ಮಾತಾ ಅದು" ಎಂದ. "ಮತ್ತೆ ಹೇಳು ಒಂದು ಅಂಕಿ. ಒಂದು ಅಂಕಿ ಹೇಳಕೆ ನಾಲಿಗೆ ಸವೀತದಾ?" ಅಪ್ಪ ಉಣ್ಣುವುದನ್ನು ನಿಲ್ಲಿಸಲಿಲ್ಲ. ನನಗೆ ಸಿಟ್ಟು ಬಂದಿತ್ತು. ಆ ವರ್ಷದಲ್ಲಿ ನನಗೆ ಬಂದ ಒಂದೇ ಒಂದು ಸಿಟ್ಟು ಅದು ಇರಬೇಕು, ಅದಕ್ಕೇ ನೆನಪಿದೆ. ಪದವಿಯ ಗಣಿತದಲ್ಲಿ ಎಣಿಸಲು ಬಾರದ ಗಣಗಳ, ಅಂದರೆ ಸೆಟ್‌ಗಳ, ಬಗ್ಗೆ ಪುಟಗಟ್ಟಲೆ ಬರೆದು ಪಾಸಾಗಿದ್ದೆ. ಎಣಿಸಲು ಬಂದರೂ ಎಣಿಸಬಾರದ ಗಣ ಸಿಲಬಸ್ಸಿನಲ್ಲಿ ಇರಲಿಲ್ಲ. ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು, ಆ ಸಿಟ್ಟನ್ನು ಏನು ಮಾಡಬೇಕೆಂದು ತಿಳಿಯದೆ, ಪಾತ್ರೆ ತೊಳೆಯಲು ಹೋದೆ. ತೊಳೆದು ಮುಗಿಯುವಷ್ಟರಲ್ಲಿ ಅದೂ ಹೋಗಿತ್ತು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅಪ್ಪ ಎಂದಿನಂತೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ, ಎಂದಿನಂತೆ ಬರುತ್ತಿದ್ದ. ಒಂದು ದಿನ ನಾನು ಬುತ್ತಿ ತೆಗೆದುಕೊಂಡು ಹೋದೆ. ಬಂಡೆಯ ನೆರಳಿನಲ್ಲಿ ಕೂತಿದ್ದ. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಇಟ್ಟು ನಿಂತಿದ್ದವು. ಉಂಡು ಕೈ ತೊಳೆದ ಮೇಲೆ ಅಪ್ಪ ಕೇಳಿದ, "ಆ ಓದು ಓದಿದ್ರೆ ನಿಂಗೆ ಮಾಡಕೆ ಏನು ಸಿಗ್ತೈತೆ?"

"ಮಕ್ಕಳಿಗೆ ಲೆಕ್ಕ ಹೇಳಿಕೊಡೋದು."

"ನಿಂಗೆ ಅದು ಇಷ್ಟಾನಾ?"

ಇಷ್ಟ ಎನ್ನಲಾಗಲಿಲ್ಲ. ಸುಳ್ಳು ಹೇಳಿದಂತಾಗುತ್ತಿತ್ತು. "ಬೇರೆ ಏನೂ ಬರಲ್ಲಪ್ಪ ನಂಗೆ" ಎಂದೆ. ಅಪ್ಪ ತಲೆ ಆಡಿಸಿದ. ಅವನಿಗೂ ಕುರಿ ಬಿಟ್ಟರೆ ಬೇರೆ ಏನೂ ಬರುವುದಿಲ್ಲ, ಆದ್ದರಿಂದ ಅರ್ಥವಾಗಿರಬೇಕು.

ಸೋಮವಾರ ಬೆಳಿಗ್ಗೆ ಅಪ್ಪ ಕುರಿ ಬಿಡಲಿಲ್ಲ. ಸ್ನಾನ ಮಾಡಿ, ಮದುವೆ ಮುಂಜಿಗೆ ಉಡುವ ಬಿಳಿ ಪಂಚೆ ಉಟ್ಟುಕೊಂಡು ಹೊರಗೆ ಬಂದ. ಅವ್ವನಿಗೆ, "ಇವತ್ತು ನೀನು ಹೊಡ್ಕಂಡು ಹೋಗು" ಎಂದ. ನನಗೆ, "ನಡಿಯವ್ವ, ಹೋಗಾಣ" ಎಂದ. ಅವ್ವ ನನ್ನ ಕಡೆ ನೋಡಿ ಸುಮ್ಮನಿರು ಎಂಬಂತೆ ಕೈ ಮಾಡಿದಳು. ಹಿಂದಿನ ಸಂಜೆ ಅಪ್ಪ ತನ್ನನ್ನು ನೀರಿಗೆ ಕಳಿಸಿ, ಒಬ್ಬನೇ ಗೇಟಿನ ಹತ್ತಿರ ತುಂಬ ಹೊತ್ತು ನಿಂತಿದ್ದ ಎಂದು ಅವ್ವ ನನಗೆ ಹೇಳಿದ್ದು ಆಮೇಲೆ.

ನಾಡಕಚೇರಿಯ ಬಾಗಿಲಲ್ಲಿ, "ನೀನು ಆಚೆ ನಿಂತ್ಕ" ಎಂದ. ನಿಂತುಕೊಂಡೆ. ಕಿಟಕಿಯಿಂದ ಒಳಗಿನದು ಕಾಣುತ್ತಿತ್ತು. ವಿ.ಎ. ಮೇಜಿನ ಸುತ್ತ ಜನ ಇದ್ದರು. ಅಪ್ಪ ಅವರೆಲ್ಲ ಹೋಗುವ ತನಕ ಗೋಡೆಗೆ ಒರಗಿ ಕಾದ. ಜನ ಖಾಲಿಯಾದ ಮೇಲೆ ಮೇಜಿನ ಪಕ್ಕಕ್ಕೆ ಹೋಗಿ ಬಗ್ಗಿ, ವಿ.ಎ. ಕಿವಿಯಲ್ಲಿ ಏನೋ ಹೇಳಿದ. ಅವರು ತಲೆ ಎತ್ತಿ ಅಪ್ಪನ ಮುಖ ನೋಡಿದರು. ಆಮೇಲೆ ಬರೆದುಕೊಂಡರು. ಅಪ್ಪ ಹೊರಗೆ ಬಂದು ನನ್ನನ್ನು ದಾಟಿ, ಕಾಂಪೌಂಡಿನ ಮೂಲೆಯ ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿದ. ಮತ್ತೆ ಮತ್ತೆ ಮುಕ್ಕಳಿಸಿ ಉಗಿದ. ಸಾವಿನ ಮನೆಯಿಂದ ಬಂದವರು ಮಾಡುವ ಹಾಗೆ.

"ಆತೇನಪ್ಪ?" ಎಂದೆ.

"ಆತು."

ಬಸ್ಸು ಹತ್ತಿ ಊರಿಗೆ ಬಂದೆವು. ಎಷ್ಟು ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಅಪ್ಪ ಹೇಳುತ್ತಿರಲಿಲ್ಲ.

ಸರ್ಟಿಫಿಕೇಟು ಬಂತು. ಅದರಲ್ಲಿ ನನ್ನ ಹೆಸರಿತ್ತು, ಜಾತಿ ಇತ್ತು, ಕುಟುಂಬದ ವರ್ಷದ ಆದಾಯ ಇತ್ತು. ಕುರಿಯ ಸುದ್ದಿಯೇ ಇರಲಿಲ್ಲ. ಅದು ಒಳಗಿನ ವರದಿಗೆ ಮಾತ್ರವಂತೆ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಓದಲು ಬರುವುದಿಲ್ಲ, ಅಂಕಿ ಗುರುತು ಸಿಗುತ್ತದೆ. "ಇದ್ರಾಗೆ ಇಲ್ಲಲ್ಲ" ಎಂದ. "ಇಲ್ಲಪ್ಪ, ಇದ್ರಲ್ಲಿ ಬರಲ್ಲ" ಎಂದೆ. ಅಷ್ಟಾದರೂ ಆಯಿತಲ್ಲ ಎನ್ನುವಂತೆ ವಾಪಸು ಕೊಟ್ಟ.

ಚಿತ್ರದುರ್ಗದಲ್ಲಿ ದಾಖಲೆ ಪರಿಶೀಲನೆ. ಒಂದು ದೊಡ್ಡ ಹಾಲ್, ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ, ಎಲ್ಲರ ತೊಡೆಯ ಮೇಲೂ ಒಂದೊಂದು ಫೈಲು. ನನ್ನ ಪಕ್ಕ ಕೂತಿದ್ದವಳು ತನ್ನ ಅಂಕಪಟ್ಟಿಗಳನ್ನು ಲ್ಯಾಮಿನೇಟ್ ಮಾಡಿಸಿ ತಂದಿದ್ದಳು, ಅದಕ್ಕೆ ಬೈಸಿಕೊಂಡಳು. ನನ್ನ ಸರದಿ ಬಂದಾಗ ಮೇಜಿನ ಹಿಂದಿದ್ದವರು ಪದವಿಯ ಅಂಕಪಟ್ಟಿಗಳನ್ನು ಇಸ್ಪೀಟ್ ಎಲೆ ಹರಡುವ ಹಾಗೆ ಹರಡಿ, ಗಣಿತದ ಸಾಲಿನ ಕೆಳಗೆ ಬೆರಳು ಎಳೆದರು. "ಗಣಿತ, ಭೌತಶಾಸ್ತ್ರ. ಸರಿ." ಜಾತಿ-ಆದಾಯದ ಹಾಳೆಯ ಮೇಲಿನ ನಂಬರನ್ನು ಕಂಪ್ಯೂಟರಿಗೆ ಹೊಡೆದರು, ಪರದೆಯಲ್ಲಿ ಏನೋ ಬಂತು, ಕೆಂಪು ಪೆನ್ನಿನಲ್ಲಿ ಗುರುತು ಹಾಕಿದರು. "ಮುಂದೆ" ಎಂದರು. ಅಪ್ಪ ಬಿಳಿ ಪಂಚೆ ಉಟ್ಟು ಹೋಗಿ ಹೇಳಿದ್ದನ್ನು ಅಲ್ಲಿ ಯಾರೂ ಕೇಳಲಿಲ್ಲ. ಕೇಳಲಿ ಎಂದು ನನಗೂ ಇರಲಿಲ್ಲ. ಆದರೂ ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ, ಯಾಕೆ ಕೂತೆ ಎಂದು ಗೊತ್ತಾಗದೆ.

ಸೀಟು ಸಿಕ್ಕಿತು, ಚಿತ್ರದುರ್ಗದಲ್ಲೇ. ಮೊಬೈಲಿಗೆ ಮೆಸೇಜು ಬಂದಾಗ ಅವ್ವ ಡಬ್ಬದಿಂದ ಸಕ್ಕರೆ ತೆಗೆದು ನನ್ನ ಬಾಯಿಗೆ ಹಾಕಿದಳು. ಸಿಹಿಯಾಗಿತ್ತು. ಅದಕ್ಕಿಂತ ಹೆಚ್ಚು ನನಗೆ ಏನೂ ಅನ್ನಿಸಲಿಲ್ಲ. ಹಿರಿಯೂರಿನವರಿಗೆ ಅವ್ವನೇ ಫೋನು ಮಾಡಿ ಬೇಡವೆಂದಳು, ಅವರೂ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಹಾಸ್ಟೆಲ್ಲಿಗೆ ಸೇರಿದೆ. ಪಾಠ ಯೋಜನೆ ಬರೆಯುವುದು, ರಟ್ಟು ಕತ್ತರಿಸಿ ಕೋನ, ವೃತ್ತ ಮಾಡುವುದು, ಗೆಳತಿಯರನ್ನೇ ಮಕ್ಕಳೆಂದು ತಿಳಿದು ಐದೈದು ನಿಮಿಷ ಪಾಠ ಮಾಡುವುದು. "ನಿನ್ನ ಮುಖದಾಗೆ ಭಾವನೆ ಬರಲ್ಲಮ್ಮ" ಎಂದು ನಮ್ಮ ಮೇಡಂ ಹೇಳಿದ್ದರು. ಅದು ನಿಜ.

ಮುಂದಿನ ವರ್ಷ ಪಾಠ ಅಭ್ಯಾಸಕ್ಕೆ ನನ್ನನ್ನು ಹೊಳಲ್ಕೆರೆಯ ಒಂದು ಹೈಸ್ಕೂಲಿಗೆ ಹಾಕಿದರು. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮನೆಗೆ ಫೋನ್ ಮಾಡಿದರೆ ಅವ್ವ, "ಕುರಿಗೆ ಸ್ವಲ್ಪ ಹುಷಾರಿಲ್ಲ" ಎನ್ನುತ್ತಿದ್ದಳು. ಸ್ವಲ್ಪ ಎಂದರೆ ಎಷ್ಟು ಎಂದು ನಮ್ಮ ಮನೆಯಲ್ಲಿ ಕೇಳುವ ರೂಢಿ ಇಲ್ಲ. ನಾನೂ ಕೇಳಲಿಲ್ಲ. ನಿಜ ಗೊತ್ತಾಗಿದ್ದು ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನಲ್ಲಿ, ನಮ್ಮ ಊರಿನ ಒಬ್ಬ ಹೆಂಗಸಿನಿಂದ. ದೂರದ ಸಂಬಂಧದಲ್ಲಿ ನಮಗೆ ಅತ್ತೆಯಾಗಬೇಕು. ನನ್ನ ಕೈ ಹಿಡಿದುಕೊಂಡು, "ಅದು ನೀಲಿ ನಾಲಿಗೆ ರೋಗ ಅಂತೆ ಕಣವ್ವ, ನಿಮ್ಮ ರೊಪ್ಪ ಅರ್ಧಕ್ಕರ್ಧ ಖಾಲಿ" ಎಂದಳು. ಆಮೇಲೆ ದನಿ ಇಳಿಸಿ, "ನಿಮ್ಮಪ್ಪ ಎಣಿಸಬಾರದಿತ್ತು" ಎಂದಳು. ಅಂದರೆ ಊರಿಗೆಲ್ಲ ಗೊತ್ತಾಗಿತ್ತು. ಅವಳ ಬಸ್ಸು ಬಂತು, ಹತ್ತಿ ಹೋದಳು. ನಾನು ಶಾಲೆಗೆ ಹೋಗಿ ಅಂದಿನ ಪಾಠ ಮುಗಿಸಿ, ರಜೆ ಚೀಟಿ ಬರೆದಿಟ್ಟು ಊರಿಗೆ ಹೊರಟೆ.

ಮನೆಯ ಮುಂದೆ ಸುಣ್ಣದ ವಾಸನೆ. ಹೂತ ಜಾಗಕ್ಕೆ ಹಾಕಲು ತಂದದ್ದು. ಉಳಿದ ಕುರಿಗಳ ತುಟಿ ಊದಿಕೊಂಡಿತ್ತು, ಕೆಲವು ಕುಂಟುತ್ತಿದ್ದವು. ಅಪ್ಪ ಒಂದರ ಬಾಯಿ ಬಿಡಿಸಿ ಗಂಜಿ ಹಾಕುತ್ತಿದ್ದ. "ಬಂದ್ಯೇನವ್ವ" ಎಂದ, ದಿನಾ ಬರುವವಳನ್ನು ಕೇಳುವ ಹಾಗೆ.

ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ. ಅಪ್ಪ ಬೈದರೆ ಹೇಳಲು. ಬೈಯದಿದ್ದರೂ ಹೇಳಿದೆ. ಈ ರೋಗ ಸೊಳ್ಳೆಯಂಥ ಒಂದು ಹುಳದಿಂದ ಬರುತ್ತದೆ, ಮಳೆ ಜಾಸ್ತಿಯಾದ ವರ್ಷ ಎಲ್ಲ ಕಡೆ ಬರುತ್ತದೆ. ಹಿರೇಗುಂಟನೂರಿನ ಕಡೆಯೂ ಸತ್ತಿವೆ, ಅಲ್ಲಿ ಯಾರೂ ಎಣಿಸಿರಲಿಲ್ಲ. ನಮ್ಮ ಊರಿನಲ್ಲೇ ಯಾರ ಯಾರ ಹಿಂಡಿನಲ್ಲಿ ಸತ್ತಿವೆ, ಅವರೆಲ್ಲ ಯಾವ ಕಚೇರಿಗೆ ಹೋಗಿ ಏನು ಹೇಳಿದ್ದರು? ನೀನು ಹೇಳಿ ಒಂದು ವರ್ಷದ ಮೇಲಾಯಿತು, ಈಗ ಬಂತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ ಅಪ್ಪ. ಒಂದೊಂದನ್ನೂ ಪ್ರಮೇಯದ ಸಾಧನೆ ಬರೆಯುವ ಹಾಗೆ ಸಾಲಾಗಿ ಹೇಳಿದೆ. ನಾನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಅಪ್ಪ ಪೂರ್ತಿ ಕೇಳಿದ. "ಹೂಂ ಕಣವ್ವ" ಎಂದ. "ರೋಗಾನೇ. ಡಾಕ್ಟ್ರೂ ಅದನ್ನೇ ಹೇಳಿದ್ರು."

ಆಮೇಲೆ ಮುಂದಿನ ಕುರಿಯ ಬಾಯಿ ಬಿಡಿಸಿದ. ನನ್ನ ಮೇಲೆ ಅವನು ಒಂದೇ ಒಂದು ಮಾತು ಆಡಿದ್ದರೂ ಜಗಳವಾಡಿ ಹಗುರಾಗಬಹುದಿತ್ತು. ಆಡಲಿಲ್ಲ. ಇಂದಿಗೂ ಆಡಿಲ್ಲ. ಅವನು ಎಣಿಕೆಯಿಂದಲೇ ಹೀಗಾಯಿತೆಂದು ನಂಬಿದ್ದಾನೋ ಇಲ್ಲವೋ ನನಗೆ ತಿಳಿಯದು. ನಂಬಿದ್ದರೆ, ಅದನ್ನು ತಿಳಿದೇ ಅವನು ಆ ದಿನ ಬಿಳಿ ಪಂಚೆ ಉಟ್ಟಿದ್ದ.

ಮಾರನೆಯ ಬೆಳಿಗ್ಗೆ ಪಶು ಡಾಕ್ಟರು ಬಂದರು. ಸತ್ತ ಕುರಿಗೆ ಸರ್ಕಾರದಿಂದ ಪರಿಹಾರ ಇತ್ತು, ಅದಕ್ಕೆ ವರದಿ ಬೇಕು. ದಿನಾ ಬಂದು ನೋಡಲು ಅವರಿಗೆ ಆಗುವುದಿಲ್ಲ, ಆದ್ದರಿಂದ ಹೂಳುವ ಮುಂಚೆ ಒಂದೊಂದರದ್ದೂ ಎಡಗಿವಿ ಕೊಯ್ದು ಇಟ್ಟುಕೊಳ್ಳಿ ಎಂದು ಮೊದಲೇ ಹೇಳಿ ಹೋಗಿದ್ದರು. ಅಪ್ಪ ಒಳಗಿನಿಂದ ಒಂದು ಗೊಬ್ಬರದ ಚೀಲ ತಂದು ಅಂಗಳದಲ್ಲಿ ಸುರಿದ. ಉಪ್ಪು ಹಾಕಿ ಒಣಗಿಸಿದ ಕಿವಿಗಳು. ಎಲ್ಲದರ ತುದಿಯಲ್ಲೂ ನಮ್ಮ ಮನೆಯ ಗುರುತಿನ ಕಚ್ಚು ಇತ್ತು.

ಡಾಕ್ಟರು ಬಗ್ಗಲು ಹೋದರು. ಅಪ್ಪ ತಡೆದು, "ನಮ್ಮ ಹುಡುಗಿ ಎಣಿಸ್ತಾಳೆ ಬಿಡ್ರಿ ಸಾರ್. ಲೆಕ್ಕದ ಟೀಚರ್ ಆಗಕೆ ಓದ್ತಾ ಐತೆ" ಎಂದ. ಆ ದನಿಯಲ್ಲಿ ಕೊಂಕು ಇರಲಿಲ್ಲ. ನನ್ನ ಕಡೆ ತಿರುಗಿ, "ಎಣಿಸವ್ವ. ಇವನ್ನ ಎಣಿಸಬೌದು" ಎಂದ.

ಕುಕ್ಕರುಗಾಲಲ್ಲಿ ಕೂತು ಎಣಿಸಿದೆ. ಹತ್ತು ಹತ್ತರ ಗುಂಪು ಮಾಡಿದೆ, ಶಾಲೆಯಲ್ಲಿ ಮಾಡುವ ಹಾಗೆ. ಕೆಲವು ಚಿಕ್ಕವಿದ್ದವು, ಮರಿಗಳದ್ದು. ಬಾಯಿ ಬಿಟ್ಟು ಎಣಿಸಿದೆ, ಡಾಕ್ಟರಿಗೆ ಕೇಳಿಸಲಿ ಎಂದು. ಮುಗಿಸಿ ಒಟ್ಟು ಹೇಳಿದೆ. "ಇನ್ನೊಂದ್ಸಲ ನೋಡವ್ವ" ಎಂದ ಅಪ್ಪ. ಇನ್ನೊಂದು ಸಲ ಎಣಿಸಿದೆ, ಅಷ್ಟೇ ಬಂತು. ಡಾಕ್ಟರು ಬರೆದುಕೊಂಡರು.

"ರೋಗ ಬರೋ ಮುಂಚೆ ಒಟ್ಟು ಎಷ್ಟಿದ್ವು?" ಎಂದು ಕೇಳಿದರು.

ನಾನು ಅಪ್ಪನ ಮುಖ ನೋಡಲಿಲ್ಲ, ನೆಲ ನೋಡಿದೆ. ಅಪ್ಪ ಹೇಳಿದ. ಕಿವಿಯಲ್ಲಿ ಅಲ್ಲ, ದನಿ ಇಳಿಸಿಯೂ ಅಲ್ಲ. ಅಂಗಳಕ್ಕೆಲ್ಲ ಕೇಳುವ ಹಾಗೆ, ಸ್ಪಷ್ಟವಾಗಿ, ವಿ.ಎ.ಗೆ ಹೇಳಿದ್ದು ಇಷ್ಟು, ಅಲ್ಲಿಂದೀಚೆಗೆ ಹುಟ್ಟಿದ ಮರಿ ಇಷ್ಟು, ಮಾರಿದ್ದು ಇಷ್ಟು ಎಂದು ಬಿಡಿಸಿ ಹೇಳಿದ. ನನ್ನ ಸೀಟಿಗಾಗಿ ಹೇಳಿದ ಅಂಕಿಯನ್ನು ನಾನು ಮೊದಲ ಸಲ ಕೇಳಿದ್ದು ಹಾಗೆ. ಅದು ಸಾಧಾರಣ ಅಂಕಿ, ಅದರಲ್ಲಿ ವಿಶೇಷ ಏನೂ ಇರಲಿಲ್ಲ. ಇಲ್ಲಿ ಬರೆಯುವುದಿಲ್ಲ. ಈಗ ಅದನ್ನು ಹೇಳಲು ಅಪ್ಪನಿಗೆ ಯಾವ ಹೆದರಿಕೆಯೂ ಇರಲಿಲ್ಲ, ಏಕೆಂದರೆ ಅಷ್ಟು ಕುರಿ ಈಗ ಇರಲಿಲ್ಲ. ಅದು ತಿಳಿದಾಗ ನನಗೆ ಎದೆಯಲ್ಲಿ ನೋವಾಯಿತು. ಆ ಎರಡು ವರ್ಷಗಳಲ್ಲಿ ನನಗೆ ಆದ ನೋವು ಎಂದರೆ ಅದೇ.

"ಸರಿ, ಹಂಗಾದ್ರೆ ಉಳ್ದಿರೋದು…" ಎಂದು ಡಾಕ್ಟರು ಹಾಳೆಯ ಅಂಚಿನಲ್ಲಿ ಒಂದರ ಕೆಳಗೆ ಒಂದು ಬರೆದು, ಗೆರೆ ಎಳೆದರು.

ಅಪ್ಪ ರೊಪ್ಪದ ಕಡೆ ತಿರುಗಿಬಿಟ್ಟ. ಒಳಗೆ ಒಂದು ಕುರಿ ಕೆಮ್ಮುತ್ತಿತ್ತು.

"ಕಳೀಬ್ಯಾಡ್ರಿ ಸಾರ್" ಎಂದೆ.

ಅವರು ತಲೆ ಎತ್ತಿದರು. "ಯಾಕಮ್ಮ, ಏನಾದ್ರೂ ತಪ್ಪಾಗೈತಾ?"

"ತಪ್ಪೇನಿಲ್ಲ ಸಾರ್. ಆ ಜಾಗ ಖಾಲಿ ಬಿಡ್ರಿ. ಪರಿಹಾರಕ್ಕೆ ಅದು ಬೇಕಾಗಲ್ಲ ಅಲ್ವಾ?"

ಅವರು ಅಪ್ಪನ ಬೆನ್ನನ್ನು ನೋಡಿದರು, ನನ್ನನ್ನು ನೋಡಿದರು. ಈ ಕಡೆಯವರೇ ಇರಬೇಕು. ಅಂಚಿನಲ್ಲಿ ಬರೆದದ್ದರ ಮೇಲೆ ಪೆನ್ನು ಓಡಿಸಿ ಅಳಿಸಿ, ಖಾಲಿ ಜಾಗದಲ್ಲಿ ಒಂದು ಅಡ್ಡಗೆರೆ ಹಾಕಿದರು. ಉಳಿದವಕ್ಕೆ ಔಷಧಿ ಕೊಟ್ಟು, ಹೊಟ್ಟೆಗೆ ಮೆತ್ತಗಿನದು ಹಾಕಿ ಎಂದು ಹೇಳಿ ಬೈಕ್ ಹತ್ತಿದರು. ಅಪ್ಪ ಅವರನ್ನು ರಸ್ತೆಯ ತನಕ ಬಿಟ್ಟು ಬಂದ. ನನ್ನ ಪಕ್ಕ ಬಂದು ನಿಂತು, ತಲೆಯ ಮೇಲೆ ಒಂದು ಸಲ ಕೈ ಇಟ್ಟು ತೆಗೆದ.

ನಾನು ಅವನಿಗೆ ಹೇಳದಿದ್ದದ್ದು ಒಂದೇ. ಡಾಕ್ಟರು ಗೆರೆ ಎಳೆಯುವ ಮುಂಚೆಯೇ ನನ್ನ ತಲೆ ಕಳೆದು ಮುಗಿಸಿತ್ತು. ಬೇಡವೆಂದರೂ ಅದು ನಿಲ್ಲುವುದಿಲ್ಲ, ಎರಡು ಅಂಕಿ ಕಿವಿಗೆ ಬಿದ್ದರೆ ಉತ್ತರ ತಾನಾಗಿ ಬಂದು ಕೂರುತ್ತದೆ. ನಾನು ಓದಿದ್ದು ಇದಕ್ಕೇ. ಅಪ್ಪ ಚೀಲದ ಬಾಯಿ ಕಟ್ಟುತ್ತಿದ್ದಾಗ, ರೊಪ್ಪದಲ್ಲಿ ಜೀವ ಹಿಡಿದು ನಿಂತಿದ್ದವು ಎಷ್ಟು ಎಂದು ಆ ಮನೆಯಲ್ಲಿ ನನಗೊಬ್ಬಳಿಗೆ ಗೊತ್ತಿತ್ತು, ಮತ್ತು ನನಗೆ ಹೆದರಿಕೆಯಾಗುತ್ತಿತ್ತು.